ಲೈಸೆನ್ಸ್ ಇದ್ದರೂ ಸೊಂಟದಲ್ಲಿ ಬೇಡ: ವಿಮಾನ ಹತ್ತುವ ಮುನ್ನ ಬಂದೂಕಿನಿಂದ ಈಳಿಗೆವರೆಗೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಟಿಕೆಟ್ ಬುಕಿಂಗ್ ಅಂಗಡಿ. ರೈಲು, ಬಸ್ಸು, ವಿಮಾನ ಮೂರೂ ಮಾಡಿಕೊಡುತ್ತೇನೆ. ನಮ್ಮೂರಲ್ಲಿ ವಿಮಾನ ನಿಲ್ದಾಣವಿಲ್ಲ. ಶಿವಮೊಗ್ಗದ್ದು 2023ರಲ್ಲಿ ಶುರುವಾಯಿತು, ಹುಬ್ಬಳ್ಳಿ ಒಂದು ಕಡೆ, ಬೆಂಗಳೂರು ಇನ್ನೊಂದು ಕಡೆ. ಚಿತ್ರದುರ್ಗದವರಿಗೆ ಬೆಂಗಳೂರೇ ಸಲೀಸು. ಎಲ್ಲಿಂದ ಹತ್ತಿದರೂ ಎರಡು, ಮೂರು, ನಾಲ್ಕು ತಾಸು ರಸ್ತೆಯಲ್ಲೇ ಕಳೆಯಬೇಕು. ತಪಾಸಣೆಯಲ್ಲಿ ಏನಾದರೂ ಸಿಕ್ಕಿಬಿದ್ದರೆ 'ಮನೆಗೆ ಹೋಗಿ ಇಟ್ಟು ಬರ್ತೀನಿ' ಅನ್ನುವ ಹಾಗಿಲ್ಲ. ಈ ಬರಹಕ್ಕೆ ಅದೇ ಕಾರಣ.

ಅಡಿಕೆ ಕೊಯ್ಲು ಮುಗಿದಿದ್ದ ಹೊತ್ತು. ಚನ್ನಗಿರಿ ಕಡೆಯ ಗೌಡರೊಬ್ಬರು ಬಂದು ದೆಹಲಿಯಲ್ಲಿರುವ ಮಗಳ ಮನೆಗೆ ಎರಡು ಟಿಕೆಟ್ ಮಾಡಿಸಿದರು. ದುಡ್ಡು ಎಣಿಸುತ್ತ ಎಣಿಸುತ್ತ ಕೇಳಿದರು:

"ನಂದೊಂದು ರಿವಾಲ್ವರ್ ಐತೆ ಕಣಪ್ಪ. ಲೈಸೆನ್ಸೂ ಐತೆ. ಸೊಂಟದಾಗೆ ಇಟ್ಕಂಡು ಹತ್ತಬಹುದಾ?"

"ಇಲ್ರೀ ಗೌಡ್ರೆ. ಒಳಗೇ ಬಿಡಲ್ಲ."

"ಅಲ್ಲಪ್ಪ, ಡಿಸಿ ಸಾಹೇಬ್ರೇ ಸಹಿ ಹಾಕಿ ಕೊಟ್ಟಿರೋದು!"

ಬೆಂಚಿನ ಮೇಲೆ ಕೂತಿದ್ದ ಕಾಲೇಜು ಹುಡುಗನೊಬ್ಬ ನಡುವೆ ಬಾಯಿ ಹಾಕಿದ. "ಅಂಕಲ್ ಹೇಳೋದ್ರಲ್ಲಿ ತಪ್ಪೇನೈತೆ ಅಣ್ಣ? ಎಲ್ರ ಹತ್ರಾನೂ ಒಂದೊಂದು ಇದ್ರೆ ಹೈಜಾಕ್ ಮಾಡೋಕೆ ಯಾರಿಗೆ ಧೈರ್ಯ ಬರುತ್ತೆ?"

ಅವತ್ತು ಅರ್ಧ ಗಂಟೆ ಅಂಗಡಿಯಲ್ಲಿ ವ್ಯಾಪಾರವಿಲ್ಲ, ಬರೀ ಇದೇ ಮಾತು. ಗೌಡರಿಗೆ ಅಂದು ಹೇಳಿದ್ದು, ಹುಡುಗನಿಗೆ ಹೇಳಬೇಕಿತ್ತಲ್ಲ ಎಂದು ರಾತ್ರಿ ಊಟಕ್ಕೆ ಕೂತಾಗ ಹೊಳೆದದ್ದು, ಎರಡನ್ನೂ ಇಲ್ಲಿ ಸೇರಿಸಿದ್ದೇನೆ. ಅವಸರದಲ್ಲಿರುವವರು ಮುಂದಿನ ಭಾಗ ಬಿಟ್ಟು ನೇರ ಮೊದಲ ಹೆಜ್ಜೆಗೆ ಹೋಗಬಹುದು.

ಹುಡುಗನ ಪ್ರಶ್ನೆಗೆ ಉತ್ತರ

ಈ ಪ್ರಶ್ನೆಗೆ ಹೆಚ್ಚಿನವರು ಕೊಡುವ ಉತ್ತರ ಸಿನಿಮಾದ್ದು. ವಿಮಾನದೊಳಗೆ ಗುಂಡು ಹಾರಿದರೆ ಗೋಡೆ ತೂತಾಗಿ ಇಡೀ ವಿಮಾನ ಬಲೂನಿನ ಹಾಗೆ ಒಡೆಯುತ್ತದೆ ಅನ್ನುತ್ತಾರೆ. ಹಾಗೇನೂ ಆಗುವುದಿಲ್ಲ. ಹಾರಾಟದ ಉದ್ದಕ್ಕೂ ವಿಮಾನದೊಳಕ್ಕೆ ಗಾಳಿ ತುಂಬುತ್ತಲೇ ಇರುತ್ತದೆ, ಒಂದು ಕವಾಟದಿಂದ ಹೊರಕ್ಕೆ ಹೋಗುತ್ತಲೂ ಇರುತ್ತದೆ. ಬೆರಳು ತೂರುವಷ್ಟು ತೂತು ಬಿದ್ದರೆ ಗಾಳಿಗೆ ಹೊರಹೋಗಲು ಇನ್ನೊಂದು ದಾರಿ ಸಿಕ್ಕಂತೆ, ಅಷ್ಟೇ. 1988ರ ಏಪ್ರಿಲ್‌ನಲ್ಲಿ ಹವಾಯಿ ದ್ವೀಪಗಳ ಮೇಲೆ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ಒಂದರ ಮುಂಭಾಗದ ಚಾವಣಿಯೇ 24 ಸಾವಿರ ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ವಿಮಾನ ಮಾತ್ರ ಇಳಿಯಿತು, ಉಳಿದವರೆಲ್ಲ ಬದುಕಿದರು.

ಹೆದರಬೇಕಾದ್ದು ತೂತಿಗಲ್ಲ, ಜಾಗಕ್ಕೆ. ನೂರೆಂಬತ್ತು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿರುತ್ತಾರೆ. ಗುರಿ ತಪ್ಪಿದ ಗುಂಡಿಗೆ ಅಲ್ಲಿ ಖಾಲಿ ಜಾಗವೇ ಇಲ್ಲ. ಒಬ್ಬ ಎದ್ದು ಪಿಸ್ತೂಲು ಹಿಡಿದ ಅಂತಿಟ್ಟುಕೊಳ್ಳಿ. ಅವನನ್ನು ತಡೆಯಲು ನಾಲ್ಕು ಸೀಟು ಹಿಂದಿನಿಂದ ಇನ್ನೊಬ್ಬ ಎದ್ದ. ಈ ಇಬ್ಬರನ್ನೂ ನೋಡಿದ ಮೂರನೆಯವನು ಯಾರಿಗೆ ಹೊಡೆಯಬೇಕು? ನೆಲದ ಮೇಲಾದರೆ ಓಡಬಹುದು, 112ಕ್ಕೆ ಫೋನ್ ಮಾಡಬಹುದು, ಪೊಲೀಸರು ಬರುವ ತನಕ ಬಾಗಿಲ ಹಿಂದೆ ಅವಿತುಕೊಳ್ಳಬಹುದು. ಮೇಲೆ ಇದ್ಯಾವುದೂ ಇಲ್ಲ. ಇನ್ನೊಂದು: ಎಲ್ಲರಿಗೂ ಬಿಟ್ಟರೆ ಕೆಟ್ಟ ಉದ್ದೇಶದವನಿಗೂ ಬಿಟ್ಟ ಹಾಗೆ. ಐದು ಜನ ಮಾತಾಡಿಕೊಂಡು, ತಯಾರಾಗಿ ಬಂದಿರುತ್ತಾರೆ. ಉಳಿದ ನೂರೆಪ್ಪತ್ತೈದು ಜನರಲ್ಲಿ ಅರ್ಧ ನಿದ್ದೆಯಲ್ಲಿರುತ್ತಾರೆ. ಯಾರ ಕೈ ಮೊದಲು ಏಳುತ್ತದೆ?

ಇದು ಬರೀ ಊಹೆಯಲ್ಲ. 2001ರ ಸೆಪ್ಟೆಂಬರ್ 11ರ ತನಕ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಅಲಗಿನ ಚಾಕುವನ್ನು ವಿಮಾನದೊಳಗೆ ಒಯ್ಯಲು ಅಡ್ಡಿಯಿರಲಿಲ್ಲ. ಚಿಕ್ಕ ಚಾಕು ಏನು ಮಾಡೀತು ಎಂಬ ಲೆಕ್ಕ. ಅಂದು 19 ಮಂದಿ ಅಪಹರಣಕಾರರು ಅಂಥ ಅಲಗುಗಳನ್ನೇ ಹಿಡಿದು ನಾಲ್ಕು ವಿಮಾನ ವಶಮಾಡಿಕೊಂಡರು. ನಮ್ಮಲ್ಲಿ ಅದಕ್ಕಿಂತ ಮೂವತ್ತು ವರ್ಷ ಮೊದಲು, 1971ರ ಜನವರಿ 30ರಂದು, ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ 'ಗಂಗಾ' ವಿಮಾನವನ್ನು ಇಬ್ಬರು ಲಾಹೋರಿಗೆ ಒಯ್ದರು. ಅವರ ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು ಮತ್ತು ಕಟ್ಟಿಗೆಯ ಗ್ರೆನೇಡು. ಮಕ್ಕಳ ಪಿಸ್ತೂಲನ್ನೂ ಒಳಗೆ ಬಿಡುವುದಿಲ್ಲ ಅಂದರೆ ನಗುವವರು ಈ ಕಥೆ ನೆನಪಿಡಬೇಕು. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನ ಐಸಿ 814ರ ಅಪಹರಣಕಾರರ ಬಳಿ ಪಿಸ್ತೂಲು, ಗ್ರೆನೇಡುಗಳೇ ಇದ್ದವು. ಆದರೂ ರೂಪಿನ್ ಕತ್ಯಾಲ್ ಎಂಬ ಯುವಕನ ಪ್ರಾಣ ತೆಗೆದದ್ದು ಚಾಕು.

'ಹಾಗಾದ್ರೆ ಪ್ರಯಾಣಿಕರು ಕೈಕಟ್ಟಿ ಕೂರಬೇಕಾ' ಅಂತ ಹುಡುಗ ಕೇಳಿದ್ದ. ಕೂತಿಲ್ಲವಲ್ಲ! ಅದೇ ಸೆಪ್ಟೆಂಬರ್ 11ರ ನಾಲ್ಕನೆಯ ವಿಮಾನ ಯುನೈಟೆಡ್ 93ರಲ್ಲಿ ಪ್ರಯಾಣಿಕರೇ ಮುನ್ನುಗ್ಗಿದರು. ಅವರು ಬದುಕಲಿಲ್ಲ, ಆದರೆ ಆ ವಿಮಾನ ಅಪಹರಣಕಾರರು ಅಂದುಕೊಂಡ ಗುರಿಯನ್ನು ಮುಟ್ಟದೆ ಪೆನ್ಸಿಲ್ವೇನಿಯಾದ ಬಯಲಿಗೆ ಬಿತ್ತು. ಮೂರೇ ತಿಂಗಳಲ್ಲಿ, ಅದೇ ಡಿಸೆಂಬರ್‌ನಲ್ಲಿ, ಶೂ ಒಳಗೆ ಸ್ಫೋಟಕ ಇಟ್ಟುಕೊಂಡು ಬಂದವನನ್ನು ಸಿಬ್ಬಂದಿ ಮತ್ತು ಪ್ರಯಾಣಿಕರು ಸೇರಿ ಅದುಮಿ ಹಿಡಿದರು, ಬೆಲ್ಟುಗಳಿಂದ ಕಟ್ಟಿಹಾಕಿದರು. 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ಒಳಉಡುಪಿನಲ್ಲಿ ಸ್ಫೋಟಕ ತಂದವನದೂ ಅದೇ ಗತಿ. ಹಿಡಿದವರ್ಯಾರ ಕೈಯಲ್ಲೂ ಬಂದೂಕಿರಲಿಲ್ಲ. ಒಬ್ಬನ ಮೇಲೆ ಇಪ್ಪತ್ತು ಜನ ಬೀಳಬಹುದಾದ ಜಾಗದಲ್ಲಿ ಜನವೇ ಸಾಕು, ಎದುರಿನವನ ಕೈ ಬರಿದಾಗಿದ್ದರೆ.

ನಮ್ಮ ದುರ್ಗದ ಓಬವ್ವನನ್ನೇ ನೋಡಿ. ಎಲ್ಲರೂ ಒನಕೆಯ ಮಾತಾಡುತ್ತಾರೆ. ಕೋಟೆಗೆ ಹೋದವರು ಆ ಕಿಂಡಿಯ ಮುಂದೆ ಒಂದು ಗಳಿಗೆ ನಿಂತು ಯೋಚಿಸಬೇಕು. ಒಬ್ಬೊಬ್ಬರೇ ತಲೆ ತಗ್ಗಿಸಿ ನುಸುಳಬೇಕಾದಷ್ಟು ಇಕ್ಕಟ್ಟು. ಆ ಇಕ್ಕಟ್ಟಿಲ್ಲದೆ ಬಯಲಲ್ಲಿ ಹೈದರಾಲಿಯ ಸೈನಿಕರು ಎದುರಾಗಿದ್ದರೆ ಒನಕೆ ಏನು ಮಾಡುತ್ತಿತ್ತು? ಓಬವ್ವನ ಧೈರ್ಯಕ್ಕೆ ಅರ್ಧ ಬಲ ಕೊಟ್ಟದ್ದು ಆ ಕಿಂಡಿ. 2001ರ ನಂತರ ಪೈಲಟ್ ಕೋಣೆಗೆ ಹಾಕಿದ ಗುಂಡು ತಡೆಯುವ ಬಾಗಿಲು, ನಿಲ್ದಾಣದಲ್ಲಿ ಒಬ್ಬೊಬ್ಬರನ್ನೇ ಬಿಡುವ ಲೋಹಶೋಧಕದ ಚೌಕಟ್ಟು, ಇವೂ ಅಂಥ ಕಿಂಡಿಗಳೇ. ಪ್ರಯಾಣಿಕರ ಕೈಗೆಲ್ಲ ಒನಕೆ ಕೊಟ್ಟು ಕಿಂಡಿಯನ್ನು ಹೆಬ್ಬಾಗಿಲು ಮಾಡೋಣ ಅನ್ನುವ ವಾದ ನನಗೆ ಹಿಡಿಸುವುದಿಲ್ಲ.

ಹಾಗೆಂದು ವಿಮಾನದೊಳಗೆ ಆಯುಧವೇ ಇರುವುದಿಲ್ಲ ಎಂದಲ್ಲ. ನಮ್ಮಲ್ಲಿ ಕೆಲವು ಮಾರ್ಗಗಳಲ್ಲಿ ರಾಷ್ಟ್ರೀಯ ಭದ್ರತಾ ಪಡೆಯ (ಎನ್‌ಎಸ್‌ಜಿ) ಸ್ಕೈ ಮಾರ್ಷಲ್‌ಗಳು ಸಾಮಾನ್ಯ ಪ್ರಯಾಣಿಕರಂತೆ ಕೂತಿರುತ್ತಾರೆ, ಐಸಿ 814 ಅಪಹರಣದ, ಅಂದರೆ ಕಂದಹಾರ್ ಪ್ರಕರಣದ ನಂತರ ಬಂದ ಏರ್ಪಾಡು ಅದು. ಅಮೆರಿಕದಲ್ಲಿ 2002ರ ಕಾನೂನಿನ ಪ್ರಕಾರ ತರಬೇತಿ ಪಡೆದ ಪೈಲಟ್‌ಗಳು ತಮ್ಮ ಕೋಣೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳಬಹುದು. ಬಂದೂಕಿನ ಮೋಹಕ್ಕೆ ಹೆಸರಾದ ಅಂಥ ದೇಶದಲ್ಲೂ ಪ್ರಯಾಣಿಕರಿಗೆ ಬಿಟ್ಟಿಲ್ಲ. 2013ರ ಮಾರ್ಚ್‌ನಲ್ಲಿ ಸಣ್ಣ ಜೇಬುಚಾಕುವಿಗೆ ಮತ್ತೆ ಅನುಮತಿ ಕೊಡುವುದಾಗಿ ಅಲ್ಲಿನ ಭದ್ರತಾ ಇಲಾಖೆ ಹೇಳಿದಾಗ ಗಗನಸಖಿಯರ ಸಂಘಗಳೇ ಎದ್ದು ನಿಂತವು. ಜೂನ್ ಹೊತ್ತಿಗೆ ಆ ಪ್ರಸ್ತಾಪ ಕೈಬಿಟ್ಟರು.

ಇನ್ನು ಕೆಲಸದ ಮಾತು.

ಮೊದಲ ಹೆಜ್ಜೆ: ಲೈಸೆನ್ಸ್ ಪುಸ್ತಕ ತೆಗೆದು ಓದಿ

ಮನೆಯಲ್ಲಿ ಬಂದೂಕು ಇರುವ ಹೆಚ್ಚಿನವರು ಲೈಸೆನ್ಸ್ ಪುಸ್ತಕವನ್ನು ನವೀಕರಣದ ದಿನ ಬಿಟ್ಟರೆ ತೆರೆಯುವುದಿಲ್ಲ. ನೋಡಬೇಕಾದ್ದು ಮೂರು. ಅವಧಿ ಮುಗಿದಿದೆಯೇ: 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಐದು ವರ್ಷ. ಯುಐಎನ್ ಎಂಬ ಗುರುತಿನ ಸಂಖ್ಯೆ ಇದೆಯೇ. ಮೂರನೆಯದು, ಎಲ್ಲರೂ ಮರೆಯುವಂಥದ್ದು: ಯಾವ ಪ್ರದೇಶಕ್ಕೆ ಊರ್ಜಿತ? ಜಿಲ್ಲೆಗೆ ಮಾತ್ರವೇ, ರಾಜ್ಯಕ್ಕೇ, ಇಡೀ ದೇಶಕ್ಕೇ ಎಂದು ಅದರಲ್ಲೇ ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ದೆಹಲಿಗೆ ವಿಮಾನದಲ್ಲಿ ಬೇಡ, ಬಸ್ಸಿನಲ್ಲೂ ಒಯ್ಯುವಂತಿಲ್ಲ. ಅಂಥವರು ಡಿಸಿ ಕಚೇರಿಗೆ ಹೋಗಿ ಅನುಮತಿ ಕೇಳಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಆ ಕೆಲಸ ಮುಗಿದ ಮೇಲೆ ಟಿಕೆಟ್ ಮಾಡಿಸಿ.

ಗೌಡರ ಲೈಸೆನ್ಸ್ ರಾಜ್ಯಕ್ಕೆ ಮಾತ್ರ ಇತ್ತು. ಅಲ್ಲಿಗೆ ಅವರ ಅರ್ಧ ಪ್ರಶ್ನೆ ಮುಗಿಯಿತು.

ಕೊಡಗಿನ ನೆಂಟರಿದ್ದವರು 'ಕೊಡವರಿಗೆ ಲೈಸೆನ್ಸೇ ಬೇಡವಲ್ಲ' ಎಂದು ಕೇಳುವುದುಂಟು. ನಿಜ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ವಿನಾಯಿತಿ ಇದೆ. ಅದು ಲೈಸೆನ್ಸಿನ ವಿನಾಯಿತಿ. ವಿಮಾನದ ಸೀಟಿನವರೆಗೆ ಬರುವಂಥದ್ದಲ್ಲ.

ಎರಡನೆಯದು: ಒಯ್ಯಲೇಬೇಕಾ?

ಹತ್ತರಲ್ಲಿ ಒಂಬತ್ತು ಮಂದಿಗೆ ಉತ್ತರ 'ಬೇಡ'. ಶೂಟಿಂಗ್ ಸ್ಪರ್ಧೆಗೆ ಹೋಗುವವರು, ಕೆಲಸದ ಮೇಲೆ ಊರು ಬದಲಿಸುವ ಸೆಕ್ಯುರಿಟಿ ಗಾರ್ಡುಗಳು, ಸಂಸಾರ ಸಮೇತ ಬೇರೆ ರಾಜ್ಯಕ್ಕೆ ಹೊರಟ ಮಾಜಿ ಸೈನಿಕರು, ಇವರ ವಿಷಯ ಬೇರೆ. ಹದಿನೈದು ದಿನ ಮಗಳ ಮನೆಯಲ್ಲಿ ಇದ್ದು ಬರುವವರಿಗೆ ರಿವಾಲ್ವರ್ ಒಂದು ಹೊರೆ. ಮನೆಗೆ ಬೀಗ ಹಾಕಿ ಹೋಗುವಾಗ ಬಂದೂಕು ಬಿಟ್ಟು ಹೋಗಲು ಭಯವಾದರೆ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬಹುದು, ಇಲ್ಲವೇ ಆಯುಧ ಮಾರಾಟದ ಪರವಾನಗಿ ಇರುವ ಅಂಗಡಿಯಲ್ಲಿ ಇಟ್ಟು ರಸೀದಿ ಪಡೆಯಬಹುದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಅಭ್ಯಾಸ ಇದ್ದೇ ಇದೆಯಲ್ಲ. ಚುನಾವಣೆಯ ಮಾತು ಬಂದದ್ದರಿಂದ ಹೇಳುತ್ತೇನೆ: ನೀತಿ ಸಂಹಿತೆ ಜಾರಿಯಲ್ಲಿರುವ ದಿನಗಳಲ್ಲಿ, ನಿಮ್ಮೂರಲ್ಲಾಗಲಿ ಹೋಗುವ ಊರಲ್ಲಾಗಲಿ, ಬಂದೂಕು ಹಿಡಿದು ಪ್ರಯಾಣದ ಯೋಚನೆಯನ್ನೇ ಬಿಡಿ.

ಮೂರನೆಯದು: ಒಯ್ಯಲೇಬೇಕಾದರೆ ಹೊಟ್ಟೆಯಲ್ಲಿ, ಮಡಿಲಲ್ಲಲ್ಲ

ವಿಮಾನದ ಹೊಟ್ಟೆಯಲ್ಲಿ, ಅಂದರೆ ಕೌಂಟರಿನಲ್ಲಿ ಕೊಟ್ಟು ಕಳಿಸುವ ಲಗೇಜಿನಲ್ಲಿ, ಯಾರ ಕೈಗೂ ಸಿಗದಂತೆ ಬಂದೂಕು ಹೋಗಬಹುದು. ಕ್ರಮ ಹೀಗೆ.

ಟಿಕೆಟ್ ಮಾಡುವ ಮೊದಲೇ ವಿಮಾನ ಸಂಸ್ಥೆಗೆ ಫೋನ್ ಮಾಡಿ ಕೇಳಿ. ಎಷ್ಟು ಬಂದೂಕು, ಎಷ್ಟು ತೋಟಾ, ಶುಲ್ಕ ಎಷ್ಟು ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಎಲ್ಲ ವಿಮಾನದಲ್ಲೂ ಒಪ್ಪಿಕೊಳ್ಳುವುದಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ತೋಟಾಗಳ ಮಿತಿ ಒಬ್ಬರಿಗೆ ಒಟ್ಟು 5 ಕಿಲೋ, ಅದೂ ಬೇಟೆ ಅಥವಾ ಕ್ರೀಡೆಗೆ ಬಳಸುವ, ಕಾರ್ಖಾನೆಯ ಪೆಟ್ಟಿಗೆಯಲ್ಲಿರುವ ತೋಟಾಗಳಿಗೆ. ಸಂಸ್ಥೆಗಳು ಅದಕ್ಕಿಂತ ಕಡಿಮೆ ಮಿತಿ ಇಡಬಹುದು. ದಾರಿಯಲ್ಲಿ ವಿಮಾನ ಬದಲಿಸಬೇಕಾದ ಟಿಕೆಟ್ ಬೇಡವೇ ಬೇಡ, ನೇರ ವಿಮಾನ ಹುಡುಕಿ. ಒಪ್ಪಿದರೆ ಆ ಮಾತು ಇಮೇಲಿನಲ್ಲಿ ಬರಲಿ. ಫೋನಿನಲ್ಲಿ ಹೇಳಿದ್ದು ಕೌಂಟರಿನಲ್ಲಿ ನಡೆಯುವುದಿಲ್ಲ.

ಮನೆಯಲ್ಲೇ ಬಂದೂಕು ಖಾಲಿ ಮಾಡಿ. ಒಬ್ಬರು ನೋಡಿದ ಮೇಲೆ ಇನ್ನೊಬ್ಬರೂ ಕೊಳವೆ, ಮ್ಯಾಗಜೀನ್ ನೋಡಲಿ. ಬೀಗ ಹಾಕುವ ಗಟ್ಟಿ ಪೆಟ್ಟಿಗೆ ಬೇಕು, ಬಟ್ಟೆಯ ಚೀಲ ನಡೆಯದು. ತೋಟಾ ಬೇರೆ ಪೆಟ್ಟಿಗೆಯಲ್ಲಿ. ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿ ಇರುವವರು ಗಮನಿಸಿ: ಬಿಡಿ ಮದ್ದು ಯಾವ ಲಗೇಜಿನಲ್ಲೂ, ಯಾವ ಕಾರಣಕ್ಕೂ ಹೋಗುವಂತಿಲ್ಲ. ಹಂದಿ ಬೆದರಿಸುವ ಪಟಾಕಿಯೂ ಅಷ್ಟೇ, ಮಕ್ಕಳ ರೋಲ್ ಕೇಪೂ ಅಷ್ಟೇ.

ಬೇರೆಯವರಿಗಿಂತ ಒಂದು ಗಂಟೆ ಮೊದಲು ತಲುಪಿ. ಬಾಗಿಲಲ್ಲಿ ಟಿಕೆಟ್ ತೋರಿಸುವಾಗಲೇ ಭದ್ರತಾ ಸಿಬ್ಬಂದಿಗೆ 'ಲೈಸೆನ್ಸ್ ಇರುವ ಬಂದೂಕು ಪೆಟ್ಟಿಗೆಯಲ್ಲಿದೆ, ಕೌಂಟರಿಗೆ ಒಪ್ಪಿಸಲು ತಂದಿದ್ದೇನೆ' ಎಂದು ಮೆಲ್ಲಗೆ, ಸ್ಪಷ್ಟವಾಗಿ ಹೇಳಿ. ಅವರೇ ತೆರೆಸಿ ನೋಡಲಿ, ನೀವಾಗಿ ತೆರೆಯಬೇಡಿ. ಕೌಂಟರಿನಲ್ಲಿ ಲೈಸೆನ್ಸಿನ ಮೂಲ ಪ್ರತಿ, ಗುರುತಿನ ಚೀಟಿ ತೋರಿಸಿ ಬಂದೂಕು ಖಾಲಿ ಇದೆ ಎಂಬ ಘೋಷಣೆಗೆ ಸಹಿ ಹಾಕಬೇಕು. ಲೈಸೆನ್ಸಿನ ಜೆರಾಕ್ಸ್ ನಾಲ್ಕಾರು ಇರಲಿ, ಮೂಲ ಪ್ರತಿ ಮಾತ್ರ ನಿಮ್ಮ ಕೈಯಲ್ಲೇ. ಇಳಿದ ಮೇಲೆ ಬಂದೂಕಿನ ಪೆಟ್ಟಿಗೆಯನ್ನು ಇತರ ಲಗೇಜಿನ ಜೊತೆ ಬೆಲ್ಟಿನ ಮೇಲೆ ಬಿಡದೆ ಸಿಬ್ಬಂದಿಯೇ ತಂದು ಕೊಡುವುದುಂಟು. ಎಲ್ಲಿ ಕೊಡುತ್ತೀರಿ ಎಂದು ಹತ್ತುವ ಮೊದಲೇ ಕೇಳಿಟ್ಟುಕೊಳ್ಳಿ.

ವಿದೇಶಕ್ಕೆ ಹೋಗುವವರಿಗೆ ನನ್ನ ಸಲಹೆ ಒಂದೇ ಸಾಲು: ಸ್ಪರ್ಧೆಗೆ ಹೋಗುವ ಕ್ರೀಡಾಪಟು ಅಲ್ಲದಿದ್ದರೆ ಮುಟ್ಟಲೇಬೇಡಿ.

ನಾಲ್ಕನೆಯದು: ಬ್ಯಾಗನ್ನು ಬೋರಲು ಹಾಕಿ ಕೊಡವಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಬಂದೂಕನ್ನು ಮರೆತು ಯಾರೂ ಒಯ್ಯುವುದಿಲ್ಲ. ಒಂದು ತೋಟಾವನ್ನು ಮರೆತು ಒಯ್ಯುತ್ತಾರೆ. ಸುದ್ದಿಯಲ್ಲಿ ಆಗಾಗ ಬರುತ್ತದಲ್ಲ, 'ಪ್ರಯಾಣಿಕನ ಬ್ಯಾಗಿನಲ್ಲಿ ಜೀವಂತ ಗುಂಡು' ಎಂದು? ಹೆಚ್ಚಿನವು ಇಂಥವೇ. ತೋಟಕ್ಕೆ ಹೋಗುವಾಗ ಹೆಗಲಿಗೆ ಹಾಕಿದ ಬ್ಯಾಗನ್ನೇ ಕೊಡವದೆ ಪ್ರಯಾಣಕ್ಕೆ ಎತ್ತಿಕೊಂಡಿರುತ್ತಾರೆ. ಅಸ್ತರಿನ ಹರಕಿನೊಳಗೆ ಜಾರಿದ ಒಂದೇ ಒಂದು ತೋಟಾ ಎಕ್ಸ್-ರೇಯಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಸಿಕ್ಕರೆ ಸಿಬ್ಬಂದಿ ನಿಮ್ಮನ್ನು ಸ್ಥಳೀಯ ಪೊಲೀಸರಿಗೆ ಒಪ್ಪಿಸುತ್ತಾರೆ. ಲೈಸೆನ್ಸ್ ಇಲ್ಲದವರ ಮೇಲೆ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಮಿನಡಿ ಪ್ರಕರಣ. ಗೊತ್ತಿಲ್ಲದೆ ಉಳಿದ ಒಂಟಿ ಗುಂಡನ್ನು 'ಅರಿತು ಇಟ್ಟುಕೊಂಡದ್ದು' ಎನ್ನಲಾಗದು ಎಂದು ಹೈಕೋರ್ಟುಗಳು ಇಂಥ ಎಫ್‌ಐಆರ್‌ಗಳನ್ನು ರದ್ದು ಮಾಡಿದ್ದುಂಟು. ಇಟ್ಟುಕೊಂಡದ್ದು ಅರಿವಿನಿಂದಲೇ ಆಗಿರಬೇಕು ಎಂಬ ಮಾತನ್ನು ಸುಪ್ರೀಂ ಕೋರ್ಟ್ 1972ರಲ್ಲೇ ಗುನ್ವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಅದು ಗೆದ್ದ ಮೇಲಿನ ಕಥೆ. ಅಷ್ಟರಲ್ಲಿ ವಿಮಾನ ಹೋಗಿರುತ್ತದೆ, ದೂರದೂರಿನ ಕೋರ್ಟಿಗೆ ಅಲೆದು ಚಪ್ಪಲಿ ಸವೆದಿರುತ್ತದೆ, ವಕೀಲರ ಫೀಸು ಟಿಕೆಟ್ಟಿನ ಹತ್ತರಷ್ಟಾಗಿರುತ್ತದೆ.

ಹಾಗಾಗಿ ಮನೆಯಲ್ಲಿ ಬಂದೂಕಿರುವವರು ಪ್ರಯಾಣಕ್ಕೆ ಬೇರೆಯದೇ ಬ್ಯಾಗ್ ಇಟ್ಟುಕೊಳ್ಳಿ. ಅದಾಗದಿದ್ದರೆ ಬಿಳಿ ಪಂಚೆ ಹಾಸಿ, ಎಲ್ಲ ಜಿಪ್ಪು ತೆರೆದು ಬೋರಲು ಹಾಕಿ ಕೊಡವಿ. ಅಸ್ತರನ್ನು ಬೆರಳಿಂದ ಒತ್ತಿ ನೋಡಿ. ಗೊಬ್ಬರ, ಸಿಡಿಮದ್ದು, ಪಟಾಕಿ ಹೊತ್ತ ಚೀಲವನ್ನಂತೂ ತರಲೇಬೇಡಿ. ನಿಲ್ದಾಣದಲ್ಲಿ ಬ್ಯಾಗಿನ ಮೇಲೆ ಪಟ್ಟಿಯೊಂದನ್ನು ಉಜ್ಜಿ ಯಂತ್ರಕ್ಕಿಟ್ಟು ಸ್ಫೋಟಕದ ಕಣ ಹುಡುಕುತ್ತಾರೆ. ಮದ್ದಿನಲ್ಲಿರುವ ನೈಟ್ರೇಟು ಕೆಲವು ಗೊಬ್ಬರಗಳಲ್ಲೂ ಇರುತ್ತದೆ. ಆ ಯಂತ್ರಕ್ಕೆ ನೀವು ರೈತರು ಎಂದು ಗೊತ್ತಾಗುವುದಿಲ್ಲ.

ಐದನೆಯದು: ಅಡಿಗೆಮನೆ, ದೇವರಮನೆ, ಎಲೆಅಡಿಕೆ ಚೀಲ

ಬಂದೂಕಿನ ಗಿರಾಕಿ ವರ್ಷಕ್ಕೊಬ್ಬರು ಬಂದರೆ ಹೆಚ್ಚು. ಈಳಿಗೆಯ ಗಿರಾಕಿಗಳು ವಾರಕ್ಕೊಬ್ಬರು. 'ಮಗಳಿಗೆ ಅಲ್ಲಿ ತುರಿಯೋ ಮಣೆ ಸಿಗಲ್ವಂತೆ' ಎಂದು ಈಳಿಗೆ ಮಣೆಯನ್ನು ಸೀರೆಯಲ್ಲಿ ಸುತ್ತಿ ಕೈಚೀಲಕ್ಕೆ ತುರುಕುವ ತಾಯಂದಿರು ಎಷ್ಟು ಜನ! ಕಾನೂನಿನ ಲೆಕ್ಕದಲ್ಲಿ ಈಳಿಗೆ, ಕುಡುಗೋಲು ಆಯುಧವಲ್ಲ. ಮನೆಬಳಕೆಗೆ, ಬೇಸಾಯಕ್ಕೆ ಮಾಡಿದ ಅಲಗುಗಳನ್ನು ಶಸ್ತ್ರಾಸ್ತ್ರ ನಿಯಮಗಳೇ ಪಟ್ಟಿಯಿಂದ ಹೊರಗಿಟ್ಟಿವೆ. ಆದರೆ ವಿಮಾನದೊಳಗಿನ ಲೆಕ್ಕ ಬೇರೆ. ಅಲಗಿದ್ದದ್ದು, ಮೊನೆಯಿದ್ದದ್ದು, ಬೀಸಿ ಹೊಡೆಯಬಹುದಾದ್ದು ಯಾವುದೂ ಕೈಚೀಲದಲ್ಲಿ ಬೇಡ. ಚಾಕು, ಕತ್ತರಿ, ಬ್ಲೇಡು, ಸ್ಕ್ರೂಡ್ರೈವರ್, ಮಚ್ಚು, ಅಡಕತ್ತರಿ, ಕ್ರಿಕೆಟ್ ಬ್ಯಾಟು ಎಲ್ಲ ಕೌಂಟರಿನಲ್ಲಿ ಕೊಡುವ ಲಗೇಜಿಗೆ. ಅಲಗಿಗೆ ರಟ್ಟು ಕಟ್ಟಿ, ಬಟ್ಟೆ ಸುತ್ತಿ. ಬ್ಯಾಗ್ ತೆರೆದು ನೋಡುವ ಸಿಬ್ಬಂದಿಯ ಕೈ ಕುಯ್ಯಬಾರದು. ವಯಸ್ಸಾದವರ ಊರುಗೋಲಿಗೆ ತೊಂದರೆಯಿಲ್ಲ, ಅದನ್ನೂ ಯಂತ್ರದಲ್ಲಿ ಹಾಯಿಸಿ ಕೊಡುತ್ತಾರೆ.

ಎರಡೂ ಕಡೆ ಬೇಡವಾದವು ಕೆಲವಿವೆ, ಜನ ಎಡವುವುದು ಇಲ್ಲೇ. ಕೊಬ್ಬರಿ: ಹೊಸದುರ್ಗದ ಕಡೆಯವರು ಬೇಸರ ಮಾಡಿಕೊಳ್ಳುತ್ತಾರೆ, ಆದರೆ ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಸಾಲಿನಲ್ಲಿದೆ ಅದು. ಹಸಿ ತೆಂಗಿನಕಾಯಿ ಕೈಚೀಲದಲ್ಲಿ ನಡೆಯದು. 2024ರ ಕೊನೆಗೆ ಶಬರಿಮಲೆ ಇರುಮುಡಿಯ ಕಾಯಿಗೆ 2025ರ ಜನವರಿ 20ರವರೆಗೆ ಎಂದು ಪ್ರತ್ಯೇಕ ಸಡಿಲಿಕೆ ಕೊಡಬೇಕಾಯಿತು ಅಂದರೆ ಮಾಮೂಲಿ ದಿನದ ನಿಯಮ ಎಷ್ಟು ಬಿಗಿ ನೋಡಿ. ಕಾಶಿಗೆ ಹೊರಟವರ ಪೂಜಾ ಚೀಲದ ಕರ್ಪೂರ, ಬೆಂಕಿಪೊಟ್ಟಣ, ಲೈಟರ್ ಮನೆಯಲ್ಲೇ ಬಿಡಿ, ಕಾಶಿಯಲ್ಲಿ ಕರ್ಪೂರಕ್ಕೆ ಬರವಿಲ್ಲ. ಹೆಣ್ಣುಮಕ್ಕಳು ರಕ್ಷಣೆಗೆಂದು ಇಟ್ಟುಕೊಳ್ಳುವ ಪೆಪ್ಪರ್ ಸ್ಪ್ರೇ ಅಂತರರಾಷ್ಟ್ರೀಯ ಅಪಾಯಕಾರಿ ವಸ್ತುಗಳ ನಿಯಮದಲ್ಲಿ ಎರಡೂ ಕಡೆ ನಿಷಿದ್ಧ. ಇದೊಂದು ನನಗೂ ಸ್ವಲ್ಪ ಕಸಿವಿಸಿ ತರುತ್ತದೆ. ರಾತ್ರಿ ಒಂಟಿಯಾಗಿ ಇಳಿದು ಟ್ಯಾಕ್ಸಿ ಹಿಡಿಯುವವರಿಗೆ ಅದು ಬೇಕಾಗುವುದು ವಿಮಾನದಲ್ಲಲ್ಲ, ಇಳಿದ ಮೇಲೆ. ಇಳಿದ ಊರಲ್ಲೇ ಕೊಳ್ಳುವುದು ಸದ್ಯದ ದಾರಿ. ಮೆಣಸಿನಪುಡಿ ದೊಡ್ಡ ಲಗೇಜಿಗೆ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು.

ಧರ್ಮದ ಕಾರಣಕ್ಕೆ ವಿನಾಯಿತಿ ಇರುವುದು ಸಿಖ್ಖರ ಕಿರ್ಪಾನಿಗೆ. ದೇಶದೊಳಗಿನ ಹಾರಾಟದಲ್ಲಿ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರದಿದ್ದರೆ ಬಿಡುತ್ತಾರೆ. 1981ರಲ್ಲಿ ದೆಹಲಿ–ಶ್ರೀನಗರ ವಿಮಾನವನ್ನು ಕಿರ್ಪಾನ್ ಹಿಡಿದೇ ಲಾಹೋರಿಗೆ ಒಯ್ದಿದ್ದರು ಎಂದು ಇದನ್ನು ಆಕ್ಷೇಪಿಸುವವರಿದ್ದಾರೆ. ನಂಬಿಕೆಯ ಗುರುತನ್ನು ಕಿತ್ತುಕೊಳ್ಳದೆ ಅಳತೆ ಹಾಕಿ ಬಿಟ್ಟದ್ದು ಸರಿ ಎಂದೇ ನನಗನಿಸುತ್ತದೆ. ಆದರೆ ಅದನ್ನು ತೋರಿಸಿ 'ನಮ್ಮ ಖಡ್ಗಕ್ಕೂ ಬಿಡಿ' ಅನ್ನುವಂತಿಲ್ಲ.

ಖಡ್ಗವೆಂದಾಗ ನೆನಪಾಯಿತು. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ ವೀರಗಾಸೆ, ಕೋಲಾಟದ ತಂಡಗಳು ಹೊರರಾಜ್ಯದ ಕಾರ್ಯಕ್ರಮಗಳಿಗೆ ಹೋಗುತ್ತವೆ. ಕತ್ತಿ, ಶಸ್ತ್ರ, ಕೋಲು ಎಲ್ಲವನ್ನೂ ಒಂದೇ ಉದ್ದ ಪೆಟ್ಟಿಗೆಯಲ್ಲಿ ಹಾಕಿ ಲಗೇಜಿಗೆ ಕೊಡಿ. ಕಾರ್ಯಕ್ರಮದ ಆಹ್ವಾನ ಪತ್ರದ ಪ್ರತಿ, ವಸ್ತುಗಳ ಪಟ್ಟಿ ಮೇಲ್ಗಡೆ ಅಂಟಿಸಿ. ಉದ್ದ ಪೆಟ್ಟಿಗೆಗೆ ಹೆಚ್ಚಿನ ಶುಲ್ಕ ಬೀಳಬಹುದು, ಗುಂಪಿನ ಟಿಕೆಟ್ ಮಾಡಿಸುವಾಗಲೇ ಕೇಳಿ.

ಆರನೆಯದು: ತಡೆದು ನಿಲ್ಲಿಸಿದರೆ

ಬ್ಯಾಗ್ ಪಕ್ಕಕ್ಕೆ ಸರಿಸಿದರೆ ಗಾಬರಿ ಬೇಡ. ಕೈ ಹಾಕಲು ಹೋಗಬೇಡಿ, ಅವರೇ ತೆಗೆಯಲಿ. ವಸ್ತು ಕೌಂಟರಿನ ಲಗೇಜಿಗೆ ಆಗುವಂಥದ್ದಾದರೆ, ಸಮಯವಿದ್ದರೆ, ವಾಪಸ್ ಹೋಗಿ ಕೊಟ್ಟು ಬರಬಹುದೇ ಎಂದು ಕೇಳಿ. ಬಿಡಲು ಬಂದವರು ಹೊರಗೇ ಇದ್ದರೆ ಅವರಿಗೆ ಕೊಡಬಹುದು. ಈ ಕಾರಣಕ್ಕೇ ನಾನು ಎಲ್ಲರಿಗೂ ಹೇಳುವುದು: ಡ್ರೈವರನ್ನು ತಪಾಸಣೆ ಮುಗಿಯುವ ತನಕ ಕಳಿಸಬೇಡಿ. ಇದ್ಯಾವುದೂ ಆಗದಿದ್ದರೆ ಆ ವಸ್ತುವಿನ ಆಸೆ ಬಿಡಿ.

'ಒಳಗೆ ಬಾಂಬ್ ಇಟ್ಟಿದ್ದೀನಾ?' ಎಂಬ ಕೊಂಕು, ತಮಾಷೆ ಎರಡೂ ಬೇಡ. ಆ ಒಂದು ಪದಕ್ಕೆ ಇಡೀ ವಿಮಾನ ಇಳಿಸಿ ಹುಡುಕುತ್ತಾರೆ, ನಿಮ್ಮನ್ನು ಪೊಲೀಸರಿಗೆ ಕೊಡುತ್ತಾರೆ. ಇನ್ನು ಹಾರಾಟದ ನಡುವೆ ಆಯುಧ ತೋರಿಸಿ ಬೆದರಿಸಿದವನ ವಿಷಯಕ್ಕೆ 2016ರ ವಿಮಾನ ಅಪಹರಣ ತಡೆ ಕಾಯ್ದೆ ಇದೆ. ಅದರಲ್ಲಿ ಜೀವಾವಧಿ ಶಿಕ್ಷೆ, ಯಾರದಾದರೂ ಜೀವ ಹೋದರೆ ಗಲ್ಲಿನವರೆಗೂ ಹೋಗುತ್ತದೆ.

ಗೌಡರು ರಿವಾಲ್ವರನ್ನು ಠಾಣೆಯಲ್ಲಿಟ್ಟು ರಸೀದಿಯನ್ನು ನನಗೂ ತೋರಿಸಿಯೇ ಹೊರಟರು. ಪ್ರಯಾಣದ ದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು.

"ಏನಪ್ಪಾ, ರಿವಾಲ್ವರ್ ಬೇಡ ಅಂದೆ, ಸರಿ. ಅಡಕತ್ತರಿನೂ ಬೇಡ ಅಂತ ಯಾಕ್ ಹೇಳ್ಲಿಲ್ಲ?"

"ಎಲ್ಲಿತ್ರೀ ಗೌಡ್ರೆ?"

"ಸಂಚಿಯಾಗೆ! ನಮ್ಮಪ್ಪನ ಕಾಲದ್ದು. ಹಿತ್ತಾಳೆ ಹಿಡಿ."

"ಡ್ರೈವರ್ ಅಲ್ಲೇ ಅದಾನಾ?"

"ಅದಾನೆ. ನೀನೇ ನಿಲ್ಸು ಅಂದಿದ್ದೆಲ್ಲ."

"ಹಂಗಾದ್ರೆ ಅವನ ಕೈಗೆ ಕೊಟ್ಟು ಕಳಿಸ್ರಿ. ಅಂಗಡೀಲಿ ಇಟ್ಕೊಂಡಿರ್ತೀನಿ."

ಹದಿನೈದು ದಿನ ಆ ಅಡಕತ್ತರಿ ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿತ್ತು. ಬಂದವರೆಲ್ಲ ಎತ್ತಿ ನೋಡಿ, ಒಂದೊಂದು ಅಡಿಕೆ ಕತ್ತರಿಸಿಕೊಂಡು ಹೋದರು.